ಕೊನೆಯ ಪ್ರಬಂಧಕ್ಕೆ ಐವತ್ತು ಮಂದಿ

ಧರ್ಮ ಸಂಶೋಧನೆ ಎಂದರೆ ಬಲು ಗಂಭೀರ ವಿಷಯ ಎಂದು ನಂಬಿರುವವರು ನಮ್ಮ ವಾರ್ಷಿಕ ಸಮ್ಮೇಳನಕ್ಕೆ ಒಮ್ಮೆಯೂ ಬಂದಿಲ್ಲ ಎಂದೇ ಅರ್ಥ. ಪ್ರತಿ ವರ್ಷ ಏನಾದರೊಂದು ಆಗಿಯೇ ಆಗುತ್ತಿತ್ತು. ಆಗದಿದ್ದರೆ ನನಗೇ ಏನೋ ಮರೆತಂತೆ ಅನಿಸುತ್ತಿತ್ತು.

ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಜೊತೆಗೆ ನಮ್ಮ ಸೀಮೆಯ ಧರ್ಮ ಸಂಶೋಧನ ಪರಿಷತ್ತಿನ ಶಾಖೆಗೆ ಕಾರ್ಯದರ್ಶಿ. ಕೇಂದ್ರ ಪರಿಷತ್ತಿನದು ಒಂದೇ ಕರಾರು: ವರ್ಷಕ್ಕೊಮ್ಮೆ, ಒಂದೊಂದು ಊರಲ್ಲಿ, ಸಮ್ಮೇಳನ ನಡೆಯಬೇಕು, ಕೊನೆಯ ಪ್ರಬಂಧ ಮುಗಿಯುವಾಗ ಐವತ್ತು ಮಂದಿ ಕೇಳುಗರು ಕೂತಿರಬೇಕು. ಒಬ್ಬ ಕಡಿಮೆಯಾದರೂ ಶಾಖೆ ಬಂದ್. ಎಣಿಸಿ ಸಹಿ ಹಾಕಲು ಕೇಂದ್ರದಿಂದ ಒಬ್ಬ ವೀಕ್ಷಕರು ಬರುತ್ತಿದ್ದರು. ಶಾಖೆಯನ್ನು ಕಟ್ಟಿ ಬೆಳೆಸಿದವನು ನಾನು. ಅದು ನನ್ನ ಕಣ್ಣೆದುರಿಗೇ ಮುಚ್ಚಲು ನಾನು ಬಿಡುವವನಲ್ಲ. ಜನ ಕೂಡಿಸುವುದು ಯಾರಿಗಾದರೂ ಬರುತ್ತದೆ, ಕೂತವರನ್ನು ಏಳದಂತೆ ನೋಡಿಕೊಳ್ಳುವುದು ನನಗೊಬ್ಬನಿಗೇ ಬರುತ್ತದೆ ಎಂಬ ಧಿಮಾಕೂ ಇತ್ತು ಅನ್ನಿ.

ನಿಪ್ಪಾಣಿಯ ಫೇಟಾ

ನಿಪ್ಪಾಣಿ ಕಡೆ ಸತ್ಕಾರವೆಂದರೆ ಶಾಲು, ತೆಂಗಿನಕಾಯಿ ಸಾಲದು. ತಲೆಗೆ ಫೇಟಾ ಸುತ್ತಲೇಬೇಕು. ಸುತ್ತಲು ಒಬ್ಬ ಪಳಗಿದ ಕೈಯವನನ್ನು ಕರೆಸಿದ್ದೆವು. ಬೆಳಗಿನಿಂದ ಸತ್ಕಾರವೇ ಸತ್ಕಾರ. ಗಣ್ಯರು ಮುಗಿದು, ಗಣ್ಯರ ಬೀಗರೂ ಮುಗಿದರು. ಆದರೆ ಫೇಟಾ ಸುತ್ತಿಸಿಕೊಂಡವರೆಲ್ಲ ತೆಂಗಿನಕಾಯಿ ಹಿಡಿದು ಬಾಗಿಲು ನೋಡತೊಡಗಿದರು. ಪ್ರಬಂಧ ಒಂದೂ ಶುರುವಾಗಿರಲಿಲ್ಲ.

ನಾನು ಫೇಟಾದವನ ಕಿವಿಯಲ್ಲಿ ಒಂದು ಮಾತು ಹೇಳಿದೆ. ಅವನು ಮೈಕ್ ಹಿಡಿದು ಘೋಷಿಸಿಯೇಬಿಟ್ಟ: "ಮಂಡಳಿ, ಇವು ಖಾಸ್ ಕೊಲ್ಲಾಪುರಿ ಫೇಟಾ ಅದಾವ್ರಿ. ಸಂಜಿತನಕಾ ತಲಿ ಅಲಗಬಾರ್ದು. ಅಲಗಿದ್ರ ಬಿಚ್ಚಿ ಕೊರಳಿಗೆ ಬೀಳ್ತಾವ. ಆಮ್ಯಾಲ ಮಂದಿ ನಕ್ಕರ ನನಗ ಹೇಳಬ್ಯಾಡ್ರಿ."

ಊರ ಎದುರಿಗೆ ಫೇಟಾ ಬಿಚ್ಚಿಸಿಕೊಳ್ಳುವ ಧೈರ್ಯ ಯಾರಿಗಿದೆ? ಎಲ್ಲರೂ ಕುತ್ತಿಗೆ ನೆಟ್ಟಗೆ ಮಾಡಿಕೊಂಡು ಕೂತರು. ಕೊನೆಯ ಪ್ರಬಂಧದವರೆಗೂ ಒಬ್ಬರೂ ಮಿಸುಕಲಿಲ್ಲ. ವೀಕ್ಷಕರು ಐವತ್ತೆಂಟು ಎಂದು ಬರೆದು ಸಹಿ ಹಾಕಿದರು.

ಕೊನೆಯ ಪ್ರಬಂಧ ಓದಿದ ವಿದ್ವಾಂಸರು ಮಾತ್ರ ಮುಖ ಸಣ್ಣ ಮಾಡಿಕೊಂಡು ನನ್ನ ಹತ್ತಿರ ಬಂದರು. "ಏನ್ರಿ ಕಾರ್ಯದರ್ಶಿಗಳ, ನಾ ಅಷ್ಟ ತಯಾರಿ ಮಾಡಕೊಂಡ ಬಂದೇನಿ. ಒಬ್ಬರರ ತಲಿ ಆಡಸಬಾರದೇನ್ರಿ?"

ಬಿಳಿ ಪರದೆ

ಆಮೇಲೆ ಪ್ರೊಜೆಕ್ಟರಿನ ಕಾಲ ಬಂತು. ರಾಯಬಾಗದಲ್ಲಿ ಒಬ್ಬರು ಹಳೆಯ ಬಸದಿ, ಗುಡಿಗಳ ನೂರು ಚಿತ್ರ ಹಿಡಿದುಕೊಂಡು ಬಂದಿದ್ದರು. ಐದನೆಯ ಚಿತ್ರಕ್ಕೆ ಕರೆಂಟ್ ಹೋಯಿತು. ಜನ ಎದ್ದರೆ ನನ್ನ ಕಥೆ ಮುಗಿದಂತೆ. "ನಿಲ್ಲಸಬ್ಯಾಡ್ರಿ ಸರ, ಬಾಯಿಲೇ ಹೇಳ್ರಿ," ಎಂದೆ.

ಅವರೂ ಗಟ್ಟಿ ಮನುಷ್ಯ. ಖಾಲಿ ಪರದೆಗೇ ಕೋಲು ತೋರಿಸುತ್ತ, "ಇಲ್ಲಿ ಬಲಗಡೆ ಕಂಬ ನೋಡ್ರಿ, ಕೆಳಗ ಆನಿ ಐತಿ," ಎಂದು ನಡೆಸಿಯೇಬಿಟ್ಟರು. ಜನ ಕಣ್ಣು ಕಿರಿದು ಮಾಡಿ ನೋಡಿದರು. ಒಬ್ಬರೂ ಏಳಲಿಲ್ಲ. ಮುಗಿದ ಮೇಲೆ, ಏನಾದರೂ ಪ್ರಶ್ನೆ ಇದೆಯೇ ಎಂದು ಕೇಳಿದೆ. ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದು ನಿಂತ.

"ಆ ಆನಿ ಫೋಟೋ ಇನ್ನೊಮ್ಮಿ ತೋರಸ್ರಿ. ನನ್ನ ಮುಂದ ಕುಂತಾಂವ ಅಡ್ಡ ಬಂದಿದ್ದ."

ಕೊಕಟನೂರಿನ ಪ್ರಶ್ನಾವಳಿ

ನಮ್ಮ ಶಾಖೆಯ ಸಮಾಜಶಾಸ್ತ್ರದ ಪ್ರಾಧ್ಯಾಪಕರಿಗೆ ಪ್ರಶ್ನಾವಳಿಯ ಹುಚ್ಚು. ಭಕ್ತರ ನಂಬಿಕೆಯ ಬಗ್ಗೆ ನಲವತ್ತು ಪ್ರಶ್ನೆ ಅಚ್ಚು ಹಾಕಿಸಿ, ಕೊಕಟನೂರಿನ ಎಲ್ಲಮ್ಮನ ಗುಡಿಯ ಕಟ್ಟೆಯ ಮೇಲೆ ಕೂತರು. ಮೊದಲು ಸಿಕ್ಕವಳು ಒಬ್ಬ ಅಜ್ಜಿ.

"ಅಜ್ಜಿ, ವರ್ಷಕ್ಕ ಎಷ್ಟ ಸಲ ಬರ್ತೀರಿ?"

"ಅದ ಇರಲಿ. ನಿನ್ನ ಊರ ಯಾವುದಪಾ? ಮಕ್ಕಳ ಎಷ್ಟ? ಮಗಳ ಲಗ್ನ ಆಗೇತೇನ?"

ಒಂದು ತಾಸಿನಲ್ಲಿ ಅಜ್ಜಿ ಅವರ ವಂಶದ ಪೂರ್ತಿ ಸಂಶೋಧನೆ ಮುಗಿಸಿದಳು. ಪ್ರಾಧ್ಯಾಪಕರು ಖಾಲಿ ಹಾಳೆಗಳೊಂದಿಗೆ ಮನೆಗೆ ಬಂದರು. ಆದರೆ ಮಗಳಿಗೆ ವರ ಗೊತ್ತಾಗಿದ್ದ, ಅಜ್ಜಿಯ ಮೊಮ್ಮಗನೇ. ಆ ವರ್ಷ ಅಥಣಿಯ ಸಮ್ಮೇಳನದಲ್ಲಿ ಅವರ ಪ್ರಬಂಧ ಒಂದೂವರೆ ಪುಟ ಇತ್ತು. ಆದರೂ ನನಗೆ ಲಾಭವೇ ಆಯಿತು. ಹೊಸ ಬೀಗರು ಏನು ಓದುತ್ತಾರೆ ನೋಡೋಣ ಎಂದು ಗಂಡಿನ ಕಡೆಯವರು ಎರಡು ಟ್ರ್ಯಾಕ್ಸ್ ಜೀಪು ತುಂಬ ಬಂದು, ಕಡೇತನಕ ಕೂತು, ಅಪ್ಪನ ಪ್ರಬಂಧ ಕೇಳಲು ಬಂದಿದ್ದ ಹೆಣ್ಣನ್ನೂ ನೋಡಿಕೊಂಡೇ ಹೋದರು.

ಶಿರಗುಪ್ಪಿಯ ಸೌಟು

ಶಿರಗುಪ್ಪಿಯಲ್ಲಿ ಮಾತ್ರ ಶಾಖೆ ನಿಜವಾಗಿಯೂ ಮುಚ್ಚುವ ಹಂತಕ್ಕೆ ಬಂತು. ಕಬ್ಬು ಕಡಿಯುವ ದಿನಗಳು, ಬಂದ ರೈತರೇ ಕಡಿಮೆ. ಕೊನೆಯ ಪ್ರಬಂಧದ ವಿಷಯ "ಸರ್ವ ಧರ್ಮಗಳಲ್ಲಿ ಉಪವಾಸದ ಮಹಿಮೆ". ಓದುತ್ತಿದ್ದ ಪ್ರಾಧ್ಯಾಪಕರದು ಭಾರೀ ದೇಹ, ಭಾರೀ ಪ್ರಬಂಧ. ಮಧ್ಯಾಹ್ನ ಎರಡು ಹೊಡೆದರೂ ಅವರು ಮೂರನೆಯ ಧರ್ಮದಲ್ಲೇ ಇದ್ದರು. ಹಿತ್ತಲಿನಿಂದ ಗೋಧಿ ಹುಗ್ಗಿಯ ವಾಸನೆ ಬರುತ್ತಿತ್ತು. ನಮ್ಮ ವಿದ್ವಾಂಸರು ಒಬ್ಬೊಬ್ಬರಾಗಿ ಮೊಬೈಲ್ ಕಿವಿಗೆ ಹಚ್ಚಿ, "ಹಲೋ, ಹಲೋ," ಎನ್ನುತ್ತ ಹಿತ್ತಲಿಗೆ ನಡೆದರು. ಒಂದು ಫೋನೂ ಸದ್ದು ಮಾಡಿರಲಿಲ್ಲ.

ರೈತರು ಮಾತ್ರ ಅಲುಗಲಿಲ್ಲ. ಪ್ರವಚನವೆಂದರೆ ಮಂಗಳ ಆಗುವ ತನಕ ಏಳಬಾರದು ಎಂಬುದು ಅವರ ರೂಢಿ. ಪ್ರಬಂಧ ಮುಗಿಯುತ್ತಲೇ ಎಣಿಸಿದೆ. ನಲವತ್ತೆಂಟು! ಇನ್ನೊಮ್ಮೆ ಎಣಿಸಿದೆ. ಅಷ್ಟೇ. ಇಷ್ಟು ವರ್ಷದ ಶಾಖೆ ಇಬ್ಬರ ಕೊರತೆಯಿಂದ ಹೋಯಿತಲ್ಲ! ವೀಕ್ಷಕರ ಕಡೆ ತಿರುಗಿದರೆ ಅವರ ಕುರ್ಚಿ ಖಾಲಿ.

ಹಿತ್ತಲಿಗೆ ಓಡಿದೆ. ಮಹಾಶಯರು ಎರಡನೆಯ ಸಲ ಹುಗ್ಗಿ ಹಾಕಿಸಿಕೊಂಡು ಕೂತಿದ್ದರು.

"ಸರ, ಎಣಸೂದು ಐತಲ್ರಿ?"

ಅವರ ತುತ್ತು ಬಾಯಲ್ಲೇ ನಿಂತಿತು. ಪುಣ್ಯಾತ್ಮ, ನಿಯಮದ ಮನುಷ್ಯ. "ಹಾಂಗ ಸಹಿ ಹಾಕಾಂಗಿಲ್ರಿ ನಾ. ಉಂಡವ್ರ ಲೆಕ್ಕಕ್ಕಿಲ್ಲ. ಈಗ ಒಳಗಿಂದ ಬರಾವ್ರನ್ನ ಇಲ್ಲೇ ಎಣಸ್ತೇನಿ," ಎಂದು ಕೈ ತೊಳೆದು, ಅಡುಗೆಯವನ ಸೌಟು ಕಸಿದುಕೊಂಡು ಹಂಡೆಯ ಮುಂದೆ ನಿಂತರು. ಎಣಿಸುವುದು ಬಿಟ್ಟು ಉಣ್ಣಲು ಬಂದ ತಪ್ಪಿಗೆ ನಾಚಿ, ಅವರು ತಲೆ ಎತ್ತಿ ಯಾರ ಮುಖವನ್ನೂ ನೋಡಲಿಲ್ಲ. ಮುಂದೆ ಬಂದ ತಾಟು ನೋಡುವುದು, ಒಂದು ಸೌಟು ಹುಗ್ಗಿ ಹಾಕುವುದು, ಗಟ್ಟಿಯಾಗಿ ಎಣಿಸುವುದು.

"ನಲವತ್ತೇಳು... ನಲವತ್ತೆಂಟು..."

ನಾನು ಕಣ್ಣು ಮುಚ್ಚಿಕೊಂಡೆ.

"ನಲವತ್ತೊಂಬತ್ತು!"

ಕಣ್ಣು ಬಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು, "ಐವತ್ತು!" ಇನ್ನೂ ಸ್ವಲ್ಪ ಹೊತ್ತಿಗೆ, "ಐವತ್ತೊಂದು! ಸಾಕಾತಿಲ್ಲೋ? ತರ್ರಿ ಕಾಗದ," ಎಂದು ವೀಕ್ಷಕರು ಬೆವರು ಒರೆಸಿಕೊಂಡು ಸಹಿ ಜಡಿದರು. ಶಾಖೆ ಉಳಿಯಿತು.

ಆ ಕೊನೆಯ ಮೂರು ತಾಟುಗಳನ್ನು ಹಿಡಿದು ಬಂದ ಮೂವರಿಗೂ ನಾನು ಇವತ್ತಿಗೂ ಋಣಿ. ಮೂವರೂ ನಮ್ಮ ಉಪವಾಸದ ಪ್ರಾಧ್ಯಾಪಕರು ಒಬ್ಬರೇ.