ಬಡಿತ ನಿಂತರೆ ಉತ್ತರ ತಪ್ಪು

ಈಶಪ್ಪನ ಕೈ ಎಷ್ಟು ಚುರುಕೋ ನಾಲಿಗೆ ಅಷ್ಟೇ ಮೈಗಳ್ಳ. ಪೀಣ್ಯದ ಒಂದು ಶೀಟಿನ ಶೆಡ್ಡಿನಲ್ಲಿ ಹನ್ನೊಂದು ವರ್ಷದಿಂದ ಪವರ್ ಪ್ರೆಸ್ ಓಡಿಸುತ್ತಿದ್ದ ಅವನು, ತಗಡನ್ನು ಯಂತ್ರದ ಬಾಯಿಗೆ ಕೊಟ್ಟು ವಾಷರ್ ಉದುರಿಸುವುದರಲ್ಲಿ ಗಟ್ಟಿಗ. ಹತ್ತು ಬೆರಳೂ ಇನ್ನೂ ಸ್ವಸ್ಥಾನದಲ್ಲಿವೆ (ಆ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲ). ಆದರೆ ಇನ್‌ಶರ್ಟ್ ಮಾಡಿದ ಮನುಷ್ಯನೊಬ್ಬ ಎದುರು ಕುಳಿತು ಏನಾದರೂ ಕೇಳಿದರೆ ಮುಗಿಯಿತು. ಹಿಂದೆ ಒಂದು ಕಂಪನಿಯ ಸಂದರ್ಶನದಲ್ಲಿ ತನ್ನ ಹೆಸರು ಕೇಳಿದ್ದಕ್ಕೆ ಅಪ್ಪನ ಹೆಸರು ಹೇಳಿದ್ದ. ಆಮೇಲೆ ಅಪ್ಪನ ಹೆಸರು ಕೇಳಿದಾಗ, ಅದು ಆಗಲೇ ಖರ್ಚಾಗಿದೆಯಲ್ಲ ಎಂದು ಸುಮ್ಮನೆ ಕುಳಿತಿದ್ದ.

ಅಂಥ ಈಶಪ್ಪನಿಗೆ ತುಮಕೂರು ರಸ್ತೆಯ ದೊಡ್ಡ ಕಂಪನಿಯೊಂದರಿಂದ ಸಂದರ್ಶನದ ಪತ್ರ ಬಂತು. ಎಂಥ ದೊಡ್ಡದೆಂದರೆ, ಗೇಟಿನಿಂದ ಒಳಗಿನ ಕಟ್ಟಡಕ್ಕೆ ಹೋಗಲೂ ಕಂಪನಿಯದೇ ಬಸ್ಸು. ಪರ್ಮನೆಂಟ್ ನೌಕರಿ, ಪಿಎಫ್, ವರ್ಷಕ್ಕೆ ಎರಡು ಜೊತೆ ಯೂನಿಫಾರ್ಮು, ಕ್ಯಾಂಟೀನಿನಲ್ಲಿ ಊಟ. ಟಿ. ದಾಸರಹಳ್ಳಿಯ ತನ್ನ ಒಂದೂವರೆ ಕೋಣೆಯ ಅರಮನೆಯಲ್ಲಿ ಈಶಪ್ಪ ಆ ಪತ್ರವನ್ನು ಬಸವಣ್ಣನ ಫೋಟೋದ ಮುಂದಿಟ್ಟು ಕೈಮುಗಿದ. ಹೆಂಡತಿ ಮಹಾನಂದಾ ಪತ್ರಕ್ಕೆ ಕೈಮುಗಿಯಲಿಲ್ಲ. ತನ್ನ ಬಲಭುಜ ನೀವಿಕೊಂಡಳು.

ಆ ಭುಜಕ್ಕೆ ಒಂದು ಇತಿಹಾಸವಿದೆ. ವಿಜಯಪುರದ ಕಡೆಯಿಂದ ಗಂಡನ ಹಿಂದೆ ಬಂದವಳು ಬೆಂಗಳೂರಿನಲ್ಲಿ ಸುಮ್ಮನೆ ಕೂರಲಿಲ್ಲ. ಆರು ವರ್ಷದಿಂದ ದಿನಾ ಬೆಳಗಿನ ಐದರಿಂದ ಏಳರವರೆಗೆ ಎಂಬತ್ತು ಜೋಳದ ರೊಟ್ಟಿ ಬಡಿದು ಮುರಿಗೆಪ್ಪನ ಖಾನಾವಳಿಗೆ ಕೊಡುತ್ತಿದ್ದಳು. ಈಚೆಗೆ ಭುಜ ಹಿಡಿದುಕೊಂಡು, ಜಡೆ ಹಾಕಿಕೊಳ್ಳಲೂ ಕೈ ಮೇಲೇಳುತ್ತಿರಲಿಲ್ಲ. ಡಾಕ್ಟರು "ಭುಜಕ್ಕೆ ರೆಸ್ಟ್ ಕೊಡಿ" ಎಂದಿದ್ದರು. ಭುಜಕ್ಕೆ ರೆಸ್ಟ್ ಕೊಟ್ಟರೆ ಹೊಟ್ಟೆಗೆ ಏನು ಕೊಡುವುದು ಎಂಬುದನ್ನು ಚೀಟಿಯಲ್ಲಿ ಬರೆದಿರಲಿಲ್ಲ.

"ನೋಡ್ರಿ," ಎಂದಳು ಮಹಾನಂದಾ, "ನಿಮಗ ಈ ಕಂಪನ್ಯಾಗ ನೌಕರಿ ಸಿಕ್ತಂದ್ರ, ಅವತ್ತ ನಾ ರೊಟ್ಟಿ ಬಡಿಯೂದು ಬಿಡಾಕಿ. ಬಸವಣ್ಣನ ಮುಂದ ಹೇಳಾಕತ್ತೀನಿ."

ಈ ಸಲ ಅಪ್ಪನ ಹೆಸರನ್ನು ಅಪ್ಪನಿಗೇ ಬಿಡಬೇಕು ಎಂದು ಈಶಪ್ಪನೂ ಮನಸ್ಸಿನಲ್ಲೇ ಶಪಥ ಮಾಡಿದ.

ಸಿದ್ಧತೆ ಯುದ್ಧೋಪಾದಿಯಲ್ಲಿ ಶುರುವಾಯಿತು. ಪಕ್ಕದ ಕೋಣೆಯ ನರೇಶ ಕಾಲ್ ಸೆಂಟರಿನವನು. ಆರು ಸಂದರ್ಶನಗಳಲ್ಲಿ ಫೇಲಾಗಿ ಏಳನೆಯದರಲ್ಲಿ ಪಾಸಾದವನಾದ್ದರಿಂದ ಈ ವಿದ್ಯೆಯಲ್ಲಿ ಪಾರಂಗತ.

"ಅಣ್ಣ, ಯಾವ್ ಕಂಪ್ನಿಗೇ ಹೋಗಿ, ಹನ್ನೆರಡೇ ಕ್ವೆಶ್ಚನ್ನು. ಬಾಯಿಪಾಠ ಮಾಡ್ಬಿಡಿ ಸಾಕು," ಎಂದು ಅವನು ಒಂದು ನೋಟ್‌ಬುಕ್ಕಿನಲ್ಲಿ ಹನ್ನೆರಡು ಪ್ರಶ್ನೆ, ಹನ್ನೆರಡು ಉತ್ತರ ಬರೆದುಕೊಟ್ಟ. ಭಾಷೆ ಇಂಗ್ಲಿಷು, ಅಕ್ಷರ ಕನ್ನಡ. "ವೀಕ್‌ನೆಸ್ ಏನು ಅಂತ ಕೇಳ್ತಾರೆ. ನಿಜ ಮಾತ್ರ ಹೇಳ್ಬೇಡಿ. 'ಐ ವರ್ಕ್ ಟೂ ಹಾರ್ಡ್' ಅನ್ನಿ."

"ಹಂಗಂದ್ರ ಏನಪಾ?"

"ವಿಪರೀತ ಕೆಲ್ಸ ಮಾಡೋದೇ ನನ್ ದೋಷ ಅಂತ."

"ಸಿಲಿಂಡರ್ ತರ್ರಿ ಅಂದಾಗ ಈ ದೋಷ ಎಲ್ಲಿ ಹೋಗಿರ್ತೈತಿ?" ಎಂದಿತು ಒಲೆಯ ಕಡೆಯಿಂದ ಒಂದು ಅಶರೀರವಾಣಿ.

ತಾಲೀಮಿಗೆ ಹೊತ್ತು ಸಿಗುತ್ತಿದ್ದದ್ದು ಬೆಳಿಗ್ಗೆ ಮಾತ್ರ, ಅಂದರೆ ರೊಟ್ಟಿಯ ಹೊತ್ತಿನಲ್ಲಿ. ನೋಟ್‌ಬುಕ್ಕನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟುಕೊಂಡು, ಏಳನೇ ಇಯತ್ತೆ ಪಾಸಾದ ಮಹಾನಂದಾ ಪ್ರಶ್ನೆ ಕೇಳುವಳು. ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತ ಈಶಪ್ಪ ಉತ್ತರ ಹೇಳುವನು. ಅವಳ ಬಾಯಿ ಏನೇ ಮಾಡುತ್ತಿರಲಿ, ಕೈ ಮಾತ್ರ ಮರದ ಹರಿವಾಣದಂಥ ಕೊಣಮಿಗೆಯಲ್ಲಿ ಹಿಟ್ಟಿನ ಉಂಡೆಯನ್ನು ತಪ್ ತಪ್ ತಪ್ ಎಂದು ಬಡಿದು ತಿರುಗಿಸಿ ಹಿಗ್ಗಿಸುತ್ತಲೇ ಇರುತ್ತಿತ್ತು. ಉತ್ತರ ಸರಿಯಿದ್ದರೆ ಬಡಿತ ನಡೆದೇ ಇರುವುದು. ತಪ್ಪಿದರೆ ಕೈ ಗಕ್ಕನೆ ನಿಲ್ಲುವುದು. ಬೈಯುವ ಅಗತ್ಯವೇ ಇರಲಿಲ್ಲ. ಸದ್ದು ನಿಂತಿತೆಂದರೆ ಈಶಪ್ಪ ಆ ಕ್ಷಣವೇ ಉತ್ತರ ಬದಲಿಸುತ್ತಿದ್ದ.

"ವಾಟ್ ಈಸ್ ಯುವರ್ ಸ್ಟ್ರೆಂತ್?" ತಪ್ ತಪ್.

"ಹಾರ್ಡ್ ವರ್ಕ್ ಆ್ಯಂಡ್... ಪಂಕ್ಚರ್."

ಸದ್ದು ನಿಂತಿತು.

"ಪಂಕ್ಚುಯಾಲಿಟಿ!"

ತಪ್ ತಪ್ ತಪ್. "ಗ್ಯಾಸ್ ಸಣ್ಣದ ಮಾಡ್ರಿ. ವಾಟ್ ಈಸ್ ಯುವರ್ ವೀಕ್‌ನೆಸ್?"

ಇನ್ನೊಂದು ಬದಿಯ ತೆಳು ಗೋಡೆಯಾಚೆ ಇದ್ದ ಬಸಕ್ಕನಿಗೂ ಈ ಪದ್ಧತಿ ಅಭ್ಯಾಸವಾಗಿಹೋಗಿತ್ತು. ಬಡಿತ ನಿಂತಾಗಲೆಲ್ಲ ಅವಳು "ಅಯ್ಯ, ಮತ್ತ ತಪ್ಪಿದ ನೋಡವ್ವ!" ಎಂದು ತನ್ನ ಚಹಾದ ಪಾತ್ರೆಯ ಮುಂದೆ ಕುಳಿತೇ ತೀರ್ಪು ಕೊಡುತ್ತಿದ್ದಳು. ಒಂದು ತಿಂಗಳಾಗುವಷ್ಟರಲ್ಲಿ ಹನ್ನೆರಡೂ ಉತ್ತರ ಈಶಪ್ಪನ ಬಾಯಿಗೆ ಬಂದವು, ಬಡಿತ ಒಮ್ಮೆಯೂ ನಿಲ್ಲದಂತೆ.

ಆ ದಿನ ಬಂತು. ಬಿಳಿ ಅಂಗಿ ಸ್ವಂತದ್ದು, ಬೂಟು ನರೇಶನದು (ಒಂದು ಸೈಜು ಚಿಕ್ಕದು, ಆದರೆ ಹೊಳಪು ಜಾಸ್ತಿ). ಬಾಗಿಲ ತನಕ ಬಂದ ಮಹಾನಂದಾ ಅವನ ಕಾಲರ್ ಸರಿಮಾಡಲು ಕೈ ಎತ್ತಲು ಹೋಗಿ, ಭುಜ ನೊಂದು ಅರ್ಧಕ್ಕೇ ಇಳಿಸಿದಳು. "ಹೆದರಬ್ಯಾಡ್ರಿ. ನನ್ನ ಮುಂದ ಹೇಳಿದಂಗ ಹೇಳಿ ಬರ್ರಿ, ಸಾಕು," ಎಂದಳು.

ಮೆಟ್ರೊ ಕಂಬಗಳ ನಡುವೆ ತೆವಳುತ್ತಿದ್ದ ಬಸ್ಸಿನಲ್ಲಿ ಈಶಪ್ಪ ಹನ್ನೆರಡೂ ಉತ್ತರಗಳನ್ನು ಮೂರು ಸಲ ಹೇಳಿಕೊಂಡ. ಇಂಜಿನ್ನು ಗಡಗಡ ಎನ್ನುತ್ತಿದ್ದುದರಿಂದ ಎಲ್ಲಿಯೂ ತಪ್ಪಲಿಲ್ಲ.

ಸಂದರ್ಶನದ ಕೋಣೆಗೆ ಹೋಗಿ ಕುಳಿತ ಮೇಲೆಯೇ ಅವನಿಗೆ ಗಂಡಾಂತರದ ಅರಿವಾದದ್ದು. ಅಲ್ಲಿ ಸದ್ದೇ ಇರಲಿಲ್ಲ. ನೆಲಕ್ಕೆ ಮೆತ್ತನೆಯ ಹಾಸು, ಬಾಗಿಲಿಗೆ ರಬ್ಬರು, ಉಸಿರಾಡಿದರೂ ಕೇಳಿಸದ ಏಸಿ. ಮೇಜಿನಾಚೆ ಇಬ್ಬರು: ನೇಮಕಾತಿ ನೋಡಿಕೊಳ್ಳುವ ಸೌಮ್ಯ ಮೇಡಂ, ಮತ್ತು ಕಾರ್ಖಾನೆಯ ಮ್ಯಾನೇಜರು ಹನುಮಂತರಾಯಪ್ಪ.

"ನಿಮ್ಮ ಹೆಸರು?" ಎಂದರು ಮೇಡಂ.

"ಈಶಪ್ಪ, ಮೇಡಂ."

ಮೇಡಂ ತಲೆ ತಗ್ಗಿಸಿ ಬರೆದುಕೊಂಡರು. ನಿಶ್ಶಬ್ದ. ಬಡಿತ ಇಲ್ಲ. ಮೊದಲ ಉತ್ತರವೇ ತಪ್ಪು!

"ಈಶ್ವರಪ್ಪ," ಎಂದು ತಿದ್ದಿದ.

ಮೇಡಂ ತಲೆ ಎತ್ತಿದರು. ಆದರೂ ಸದ್ದಿಲ್ಲ.

"ಈಶ್ವರಪ್ಪ ಯಮನಪ್ಪ ಅಂತನೂ ಕರೀತಾರ್ರಿ." (ಅಪ್ಪ ಕೊನೆಗೂ ಬಂದೇ ಬಿಟ್ಟಿದ್ದರು.)

"ಅರ್ಜೀಲಿ ಈಶಪ್ಪ ಅಂತಿದೆಯಲ್ಲ?"

"ಹಂಗಾರ ಅದ ಇರ್ಲಿ ಮೇಡಂ."

ಹನುಮಂತರಾಯಪ್ಪ ಗಂಟಲು ಸರಿಮಾಡಿಕೊಂಡರು. "ಪ್ರೆಸ್ ಮೇಲೆ ಎಷ್ಟು ವರ್ಷ ಕೆಲಸ ಮಾಡಿದ್ದೀರ?"

"ಹನ್ನೊಂದ್ರಿ ಸಾರ್."

ನಿಶ್ಶಬ್ದ.

"ಹತ್ತು."

ನಿಶ್ಶಬ್ದ.

"ಎಂಟಂತ ಹಿಡೀರಿ."

ಹನುಮಂತರಾಯಪ್ಪ ಕನ್ನಡಕ ತೆಗೆದು ಮೇಡಂ ಕಡೆ ನೋಡಿದರು. "ಇನ್ನೊಂದು ನಿಮಿಷ ನಾವು ಸುಮ್ನಿದ್ರೆ ಇವರು ಕೆಲಸಕ್ಕೇ ಸೇರಿರಲ್ಲ ಮೇಡಂ."

ಈಶಪ್ಪನ ಬಿಳಿ ಅಂಗಿ ಏಸಿಯಲ್ಲೂ ಬೆನ್ನಿಗೆ ಅಂಟಿತು. ಮೇಡಂಗೆ ಕನಿಕರ ಬಂದಿರಬೇಕು, ಸುಲಭದ್ದೊಂದನ್ನು ಕೇಳಿದರು. "ಇರಲಿ. ಮದುವೆ ಆಗಿದೆಯಾ?"

"ಆಗೇತ್ರಿ."

ಮತ್ತೆ ನಿಶ್ಶಬ್ದ. (ಈ ಒಂದು ಉತ್ತರವನ್ನು ಬದಲಿಸುವ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ.)

ಕೆಲಸ ಕೈಬಿಟ್ಟಿತು ಎಂಬುದು ಈಶಪ್ಪನಿಗೆ ಖಾತ್ರಿಯಾಯಿತು. ಅರ್ಧಕ್ಕೇ ಇಳಿದ ಹೆಂಡತಿಯ ಕೈ ಕಣ್ಣ ಮುಂದೆ ಬಂತು. ನಾಳೆಯೂ ಎಂಬತ್ತು ರೊಟ್ಟಿ, ನಾಡಿದ್ದೂ ಎಂಬತ್ತು ರೊಟ್ಟಿ. ತನ್ನ ಈ ದರಿದ್ರ ನಾಲಿಗೆಯ ಮೇಲೆ ಅವನಿಗೆ ವಿಪರೀತ ಸಿಟ್ಟು ಬಂತು. ಅಷ್ಟರಲ್ಲಿ, ಮುಂದಿನವರನ್ನು ಯಾವಾಗ ಕರೆಯುವುದೆಂದು ಗಡಿಯಾರ ನೋಡುತ್ತಿದ್ದ ಹನುಮಂತರಾಯಪ್ಪನವರ ಬೆರಳುಗಳು ಬೇಸರಕ್ಕೆ ಮೇಜಿನ ಮೇಲಿನ ಫೈಲನ್ನು ಬಡಿಯತೊಡಗಿದವು.

ತಪ್ ತಪ್ ತಪ್.

ಈಶಪ್ಪನ ಬೆನ್ನು ತಾನಾಗಿ ನೆಟ್ಟಗಾಯಿತು. ಮುಖ ಅರಳಿತು. ಬಾಯಿ ತೆರೆಯಿತು.

"ಮೈ ನೇಮ್ ಈಸ್ ಈಶಪ್ಪ, ಐ ಯಾಮ್ ಹ್ಯಾವಿಂಗ್ ಇಲೆವೆನ್ ಇಯರ್ಸ್ ಎಕ್ಸ್‌ಪೀರಿಯನ್ಸ್ ಇನ್ ಪವರ್ ಪ್ರೆಸ್, ಗ್ಯಾಸ್ ಸಣ್ಣದ ಮಾಡ್ರಿ, ಮೈ ಸ್ಟ್ರೆಂತ್ ಈಸ್ ಹಾರ್ಡ್ ವರ್ಕ್ ಆ್ಯಂಡ್ ಪಂಕ್ಚುಯಾಲಿಟಿ, ಹಿಟ್ಟಿನ ಡಬ್ಬಿ ಇತ್ಲಾಗ ಸರಸ್ರಿ, ಮೈ ವೀಕ್‌ನೆಸ್ ಈಸ್ ಐ ವರ್ಕ್ ಟೂ ಹಾರ್ಡ್, ಸುಳ್ಳ ಹೇಳಾಕ ನಾಚಿಕಿ ಬರಂಗಿಲ್ಲೇನ್ರಿ, ಆಫ್ಟರ್ ಫೈವ್ ಇಯರ್ಸ್ ಐ ವಿಲ್ ಬಿ ಇನ್ ಯುವರ್ ಚೇರ್, ಮೊದಲ ಆ ಚೇರ್ ಬಿಟ್ಟು ಏಳ್ರಿ, ನಳಕ್ಕ ನೀರು ಬಂದಾವು!"

ಹನುಮಂತರಾಯಪ್ಪನವರ ಬೆರಳು ಗಾಳಿಯಲ್ಲೇ ನಿಂತಿತು. ಸೌಮ್ಯ ಮೇಡಂ ಅರ್ಜಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಅರ್ಜಿ ಅಲುಗಾಡುತ್ತಿತ್ತು.

"ನಿಮಗೆ ಟ್ರೈನಿಂಗ್ ಕೊಟ್ಟಿದ್ದು ಯಾರು?" ಎಂದು ಮೇಡಂ ಕಡೆಗೂ ಕೇಳಿದರು.

ಹೋದದ್ದು ಹೋಯಿತು ಎಂದುಕೊಂಡ ಈಶಪ್ಪ ಇದ್ದದ್ದನ್ನು ಇದ್ದಂತೆ ಹೇಳಿದ. ರೊಟ್ಟಿ, ಬಡಿತ, ಬಡಿತ ನಿಂತರೆ ತಪ್ಪು ಎಂಬ ಕಾನೂನು, ಹೆಂಡತಿಯ ಭುಜ, ಎಲ್ಲವನ್ನೂ. ವಿಚಿತ್ರವೆಂದರೆ, ಇದನ್ನು ಹೇಳುವಾಗ ಅವನ ನಾಲಿಗೆ ಒಂದು ಕಡೆಯೂ ತೊದಲಲಿಲ್ಲ.

ಹನುಮಂತರಾಯಪ್ಪ ಎದ್ದರು. "ಬನ್ನಿ. ಮಾತು ಸಾಕು, ಮಿಷನ್ ಹತ್ರ ಹೋಗೋಣ."

ಒಳಗೆ ಹತ್ತು ಪ್ರೆಸ್ಸುಗಳು ಸಾಲಾಗಿ ಧಡ್ ಧಡ್ ಎಂದು ಬಡಿಯುತ್ತಿದ್ದವು. ಬಾಗಿಲು ದಾಟುತ್ತಲೇ ಈಶಪ್ಪನಿಗೆ ತವರಿಗೆ ಬಂದಂತಾಯಿತು. ಹನುಮಂತರಾಯಪ್ಪ ಕಿರುಚಿ ಕೇಳಿದ್ದಕ್ಕೆಲ್ಲ ಅವನೂ ಕಿರುಚಿ ಉತ್ತರ ಕೊಟ್ಟ: ತಗಡಿನ ದಪ್ಪ, ಒತ್ತಡದ ಲೆಕ್ಕ, ಬೆರಳು ಉಳಿಸಿಕೊಳ್ಳುವ ವಿದ್ಯೆ. ಹೇಳುತ್ತ ಹೇಳುತ್ತ ನಡುವೆ ತಟ್ಟನೆ ನಿಂತುಬಿಟ್ಟ.

"ಯಾಕ್ರೀ, ಇಲ್ಲೂ ಉತ್ತರ ತಪ್ಪಾಯ್ತಾ?"

"ಇಲ್ರಿ ಸಾರ್. ಆ ಮೂರನೇ ಪ್ರೆಸ್ ಮೊದಲ ನಿಲ್ಲಸ್ರಿ. ಬಡಿತ ತಪ್ಪಾಕತ್ತೈತಿ."

ಪ್ರೆಸ್ಸಿನವನು ನಗುತ್ತಲೇ ನಿಲ್ಲಿಸಿದ. ಬಗ್ಗಿ ನೋಡಿದವನು ನಗು ನಿಲ್ಲಿಸಿದ. ತಗಡು ಕತ್ತರಿಸುವ ಅಚ್ಚನ್ನು ಹಿಡಿದಿದ್ದ ಬೋಲ್ಟು ಎರಡು ಸುತ್ತು ಸಡಿಲವಾಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅಚ್ಚು ಒಡೆದು ಚೂರು ಯಾರ ಮುಖಕ್ಕೆ ಹಾರುತ್ತಿತ್ತೋ. ಹನುಮಂತರಾಯಪ್ಪ ಒಂದು ಕ್ಷಣ ಆ ಬೋಲ್ಟನ್ನೂ ಒಂದು ಕ್ಷಣ ಈಶಪ್ಪನ ಕಿವಿಯನ್ನೂ ನೋಡಿದರು.

"ಒಂದನೇ ತಾರೀಖು ಸೇರ್ಕೋತೀರಾ?"

"ಸೇರ್ಕೊಂತೀನ್ರಿ!" ಎಂದ ಈಶಪ್ಪ. ಉಳಿದ ಒಂಬತ್ತು ಪ್ರೆಸ್ಸುಗಳು ಬಡಿಯುತ್ತಲೇ ಇದ್ದುದರಿಂದ ಆ ಉತ್ತರವನ್ನು ಬದಲಿಸಲಿಲ್ಲ.

ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವಾಗ ಸೌಮ್ಯ ಮೇಡಂ ಇನ್ನೊಂದು ಮಾತು ಸೇರಿಸಿದರು. "ನಮ್ಮ ಕ್ಯಾಂಟೀನಿಗೆ ಒಬ್ಬರು ಸೂಪರ್‌ವೈಸರ್ ಬೇಕಾಗಿದ್ದಾರೆ. ನಿಮ್ಮನ್ನ ಈ ಮಟ್ಟಕ್ಕೆ ತಯಾರು ಮಾಡಿದವರು ನಲವತ್ತು ಜನ ಅಡುಗೆಯವರನ್ನ ಸಲೀಸಾಗಿ ಸಂಭಾಳಿಸ್ತಾರೆ. ಸೋಮವಾರ ನಿಮ್ಮ ಮನೆಯವರನ್ನ ಇಂಟರ್‌ವ್ಯೂಗೆ ಕಳ್ಸಿ."

ಮನೆಗೆ ಬಂದು ಸುದ್ದಿ ಹೇಳಿದಾಗ ಮಹಾನಂದಾ ಮೊದಲು ಬಸವಣ್ಣನ ಫೋಟೋ ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈಶಪ್ಪ ನರೇಶನ ಬೂಟು ಕಳಚಿ, ಊದಿದ ಹೆಬ್ಬೆರಳು ತಿಕ್ಕಿಕೊಳ್ಳುತ್ತ ವಿಜಯೋತ್ಸವದ ಗತ್ತಿನಲ್ಲಿ ಕುಳಿತ. ಹೆಂಡತಿಯನ್ನು ನಗಿಸೋಣವೆಂದು ಕ್ಯಾಂಟೀನಿನ ಮಾತನ್ನೂ ಹೇಳಿದ.

"ದೊಡ್ಡ ಮಂದಿ ಹೆಂಗ ಚ್ಯಾಷ್ಟಿ ಮಾಡ್ತಾರ ನೋಡು. ನಿನ್ನ ಸೂಪರ್‌ವೈಸರ್ ಮಾಡ್ತಾರಂತ! ನಾ ಆಪರೇಟರ್, ನೀ ಸೂಪರ್‌ವೈಸರ್!"

ಮಹಾನಂದಾ ನಗಲಿಲ್ಲ. ಎದ್ದು ಹೋಗಿ ಹಿಟ್ಟಿನ ಡಬ್ಬಿಯ ಮೇಲಿದ್ದ ನೋಟ್‌ಬುಕ್ಕನ್ನು ತಂದು ಅವನ ತೊಡೆಯ ಮೇಲಿಟ್ಟಳು. "ಒಂದು ತಿಂಗಳ ಪೂರ್ತಿ ಕೇಳಿದಾಕಿ ನಾನು. ಹನ್ನೆರಡೂ ನನಗ ಬಾಯಾಗ ಅದಾವ. ಆದ್ರೂ ಒಮ್ಮೆ ನೋಡಿಕೊಂಡ್ರ ಚಲೋ. ನಾಳಿಂದ ನೀವು ಕೇಳ್ರಿ."

"ಆತು ಬಿಡು, ಕೇಳೋಣಂತ."

"ಮತ್ತ ಮುರಿಗೆಪ್ಪಗ ತಿಂಗಳ ಕಡೀತನಕ ರೊಟ್ಟಿ ಕೊಡ್ತೀನಂತ ಮಾತು ಕೊಟ್ಟೀನಿ."

ಈಶಪ್ಪ ಹೆಬ್ಬೆರಳು ತಿಕ್ಕುವುದನ್ನು ನಿಲ್ಲಿಸಿದ. "ಬಸವಣ್ಣನ ಮುಂದ ಏನೋ ಹೇಳಿದ್ದೀ ಅಲ್ಲ, ರೊಟ್ಟಿ ಬಿಡ್ತೀನಂತ?"

"ಬಡಿಯೂದು ಬಿಡ್ತೀನಿ ಅಂದಿದ್ದೆ. ರೊಟ್ಟಿ ಆಗಬಾರದು ಅಂದಿದ್ನೇನು?"

ಮರುದಿನ ಬೆಳಿಗ್ಗೆ ಐದಕ್ಕೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಹಾನಂದಾ ಕೂತಿದ್ದಳು, ಬೆನ್ನು ನೆಟ್ಟಗೆ, ಭುಜಕ್ಕೆ ಬಿಸಿನೀರಿನ ಶಾಖ ಕೊಟ್ಟುಕೊಂಡು. ಕೊಣಮಿಗೆಯ ಮುಂದೆ ಈಶಪ್ಪ, ಮೊಣಕೈ ತನಕ ಹಿಟ್ಟು. ಹನ್ನೊಂದು ವರ್ಷ ತಗಡನ್ನು ಬಗ್ಗಿಸಿದ ಕೈಗೆ ಜೋಳದ ಹಿಟ್ಟು ಬಗ್ಗಲು ಸುತರಾಂ ಒಪ್ಪಲಿಲ್ಲ.

"ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್," ಎಂದು ಅವನು ಏದುಸಿರಿನಲ್ಲಿ ಕೇಳಿದ. ತಪ್... ತಪ್.

"ಮೈ ನೇಮ್ ಈಸ್ ಮಹಾನಂದಾ. ಐ ಯಾಮ್ ಹ್ಯಾವಿಂಗ್ ಸಿಕ್ಸ್ ಇಯರ್ಸ್ ಎಕ್ಸ್‌ಪೀರಿಯನ್ಸ್ ಇನ್ ರೊಟ್ಟಿ."

ತಪ್... ತಪ್. ಸದ್ದು ನಿಂತಿತು.

"ಅಯ್ಯ ಮಹಾನಂದಾ," ಎಂದು ಗೋಡೆಯಾಚೆಯಿಂದ ಬಸಕ್ಕ ಕೂಗಿದಳು, "ನೀನೂ ತಪ್ಪಿದ್ಯೇನವ್ವಾ?"

"ಉತ್ತರ ಸರಿ ಐತಿ ಬಸಕ್ಕ," ಎಂದಳು ಮಹಾನಂದಾ ಕುರ್ಚಿಯಿಂದ ಅಲುಗಾಡದೆ, "ರೊಟ್ಟಿ ಹರೀತು." ಆಮೇಲೆ ಗಂಡನ ಕಡೆ ತಿರುಗಿ, "ಹೂಂ, ಉಂಡಿ ಮಾಡಿ ಮತ್ತ ಬಡೀರಿ," ಎಂದಳು. "ಇನ್ನೂ ಎಂಬತ್ತೂ ಅದಾವ."