ಕೆಳಗಿನ ಅಂಕೆ

ಶೈಲಕ್ಕನ ಮಿಷಿನ್ನಿಗೆ ಬೆರಳು ಕೊಡದೇ ಇದ್ದಿದ್ದರೆ ಕಾವ್ಯಶ್ರೀಯ ಆ ದಿನವೂ ಲಾಕ್‌ಡೌನಿನ ಉಳಿದ ದಿನಗಳ ಹಾಗೆಯೇ ಕಳೆದುಹೋಗುತ್ತಿತ್ತು. ನಸುಕಿನಲ್ಲಿ ಎದ್ದು ಮನೆಯ ಸುತ್ತ ಓಡುವುದು, ಹಿತ್ತಿಲ ಗೋಡೆಗೆ ಚೆಂಡು ಒದೆಯುವುದು, “ಗೋಡೆ ಬಿದ್ರೆ ನಿನ್ನ ಕೋಚು ಬಂದು ಕಟ್ಟಿಕೊಡ್ತಾನೇನೇ?” ಎಂದು ತಿಮ್ಮಜ್ಜಿ ಕೂಗಿದ ಮೇಲೆ ನಿಲ್ಲಿಸುವುದು.

ಸಿದ್ದಾಪುರದ ಮೈದಾನಕ್ಕೆ ಬೀಗ ಬಿದ್ದು ಅದು ಎರಡನೆಯ ಬೇಸಿಗೆ. ಕೆಲಸಕ್ಕೆಂದು ಘಟ್ಟದ ಕೆಳಗೆ ಹೋದ ಅಪ್ಪ ಅವ್ವ ಅಲ್ಲೇ ಸಿಕ್ಕಿಬಿದ್ದಿದ್ದರು; ಮನೆಯಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೇ. ಹುಡುಗಿಯ ಹತ್ತಿರ ಇದ್ದದ್ದು ಒಂದು ಚೆಂಡು, ಒಂದು ಆಸೆ. ಕ್ರೀಡಾ ಹಾಸ್ಟೆಲಿನಲ್ಲಿ ಫುಟ್‌ಬಾಲ್ ಆಡುವ ಹುಡುಗಿಗೆ ಒಂದು ಸೀಟು ಖಾಲಿಯಿತ್ತು. ಶಿರಸಿಯಿಂದ ಕೋಚ್ ಉಲ್ಲಾಸ ಸರ್ ಫೋನಿನಲ್ಲಿ ಹೇಳಿದ್ದರು: “ಮೈದಾನ ಇಲ್ದೆ ಯಾರು ಓಡಿದ್ದಾರೆ, ಯಾರು ಮಲಗಿದ್ದಾರೆ ಅಂತ ನಂಗೆ ಹ್ಯಾಗೆ ಗೊತ್ತಾಗ್ಬೇಕು? ಬೆರಳಿಗೆ ಹಾಕೋ ಆಕ್ಸಿಮೀಟರ್ ಉಂಟಲ್ಲ, ಅದ್ರಲ್ಲಿ ಮೇಲಿಂದು ಆಕ್ಸಿಜನ್, ಕೆಳಗಿಂದು ನಾಡಿ. ದಿನಾ ಓಡಿದವರ ನಾಡಿ ಸುಮ್ನೆ ಕೂತಾಗ ನಿಧಾನ ಹೊಡೀತದೆ. ಲಾಕ್‌ಡೌನ್ ತೆಗೆದ ದಿನ ಎಲ್ಲರೂ ಫೋಟೋ ಕಳಿಸಿ. ಕೆಳಗಿನ ಅಂಕೆ ಯಾರದ್ದು ಕಡಿಮೆಯೋ ಅವಳಿಗೆ ಸೀಟು.”

ತನ್ನದು ಎಷ್ಟಕ್ಕೆ ಇಳಿದಿದೆ ಎಂದು ನೋಡುವ ಆಸೆಯಾಯಿತು, ಅಷ್ಟೇ.

ಓಣಿಗೆಲ್ಲ ಆ ಮಿಷಿನ್ ಇದ್ದದ್ದು ಶೈಲಕ್ಕನ ಮನೆಯಲ್ಲಿ ಮಾತ್ರ. ಅದನ್ನವಳು ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ಇಟ್ಟಿದ್ದಳು. ಅವಳದು ಮೇಲೆ ತೊಂಬತ್ತೇಳು, ಕೆಳಗೆ ತೊಂಬತ್ತೆರಡು. ಎರಡೂ ತೊಂಬತ್ತರ ಮೇಲೆಯೇ ಇದ್ದುದರಿಂದ ಯಾವುದು ಯಾವುದೆಂದು ಕೇಳುವ ಪ್ರಸಂಗವೇ ಬಂದಿರಲಿಲ್ಲ. ತೊಂಬತ್ತಕ್ಕಿಂತ ಇಳಿದರೆ ಆಸ್ಪತ್ರೆ ಎಂಬುದಷ್ಟೇ ಟಿ.ವಿ. ನೋಡಿ ಬಾಯಿಪಾಠವಾಗಿತ್ತು.

ಕಾವ್ಯಶ್ರೀ ಬೆರಳು ಇಟ್ಟು ಕೆಳಗಿನ ಅಂಕೆ ನೋಡಿದಳು. ನಲವತ್ತೆಂಟು. ಅವಳ ಮುಖ ಅರಳಿತು.

ಶೈಲಕ್ಕನೂ ಕೆಳಗಿನ ಅಂಕೆಯನ್ನೇ ನೋಡಿದಳು. ಕುಕ್ಕರ್ ಸೀಟಿ ಹೊಡೆದ ಹಾಗೆ ಕೂಗಿದಳು. “ಅಯ್ಯಯ್ಯೋ! ಹುಡುಗಿ ಆಕ್ಸಿಜನ್ ಅರ್ಧಕ್ಕರ್ಧ ಖಾಲಿ!”

ಗಲ್ಲಕ್ಕೆ ತೊಟ್ಟಿಲು ಕಟ್ಟಿದ ಹಾಗೆ ಮಾಸ್ಕ್ ಇಳಿಬಿಟ್ಟುಕೊಂಡು ಓಣಿಯವರೆಲ್ಲ ಹೊರಬಂದರು. ಎದುರುಮನೆಯ ವಿಶ್ವೇಶ್ವರ ಭಟ್ಟರು ಪಂಚೆ ಎತ್ತಿ ಕಟ್ಟುತ್ತ ಬಂದರು. “ಎಂತ ಆತೇ ಶೈಲಾ?”

“ನಲವತ್ತೆಂಟು ಭಟ್ರೇ! ಇನ್ನೂ ನಿಂತ್ಕಂಡಿದ್ದೇ ದೊಡ್ಡದು!”

“ಅದು ನಾಡಿ ಅಕ್ಕಾ, ಮೇಲಿಂದು...” ಎಂದಳು ಕಾವ್ಯಶ್ರೀ. ನಾಲ್ಕು ಜನ ಸೇರಿದರೆ ಅವಳ ದನಿ ಗಂಟಲಲ್ಲೇ ಕುಕ್ಕರುಗಾಲಲ್ಲಿ ಕೂತುಬಿಡುತ್ತಿತ್ತು.

“ನೋಡಿ, ಸ್ವರವೇ ಬರ್ತಾ ಇಲ್ಲ!” ಎಂದಳು ಶೈಲಕ್ಕ.

ಬಾಯಲ್ಲಿ ಆಗದ್ದನ್ನು ಕಾಲಲ್ಲಿ ತೋರಿಸುವ ಎಂದು ಕಾವ್ಯಶ್ರೀ ಬಾವಿಕಟ್ಟೆಯವರೆಗೆ ಓಡಿಹೋಗಿ, ಅದೇ ಬಿರುಸಿನಲ್ಲಿ ವಾಪಸು ಬಂದಳು. ಬಂದವಳಿಗೆ ಏದುಸಿರು.

“ಉಸಿರಾಟಕ್ಕೇ ತೊಂದ್ರೆ ಬಂತಲೇ!” ಎಂದು ಭಟ್ಟರು ಎದೆ ಹಿಡಿದುಕೊಂಡರು. “ಬೋರಲು ಮಲಗಿಸಿ. ಆನು ಫೋನ್ ಮಾಡ್ತೆ, ಯಾರೂ ಗಡಿಬಿಡಿ ಮಾಡಡಿ!” ಎನ್ನುತ್ತ ಗಡಿಬಿಡಿಯಲ್ಲಿ ಫೋನಿನ ಬದಲು ಕನ್ನಡಕದ ಪೆಟ್ಟಿಗೆಯನ್ನು ಕಿವಿಗಿಟ್ಟುಕೊಂಡರು.

ಜಗಲಿಯ ಮೇಲೆ ಬೋರಲು ಮಲಗಿದ ಹುಡುಗಿಯ ಬಾಯಿಗೆ ಯಾರೋ ಮೆಣಸಿನಕಾಳಿನ ಕಷಾಯ ಸುರಿದರು. ಹಾಗೆ ಮಲಗಿ ಕುಡಿದರೆ ಯಾರಿಗಾದರೂ ಕೆಮ್ಮು ಬರುತ್ತದೆ.

“ಕೆಮ್ಮೂ ಶುರುವಾಯ್ತು!”

“ನನ್ನ ಕೂಸಿಗೆ ಎಂತದೂ ಆಗ್ಲಿಲ್ಲ. ಬೆಳಿಗ್ಗೆ ಆರು ದೋಸೆ ತಿಂದದೆ,” ಎಂದು ತಿಮ್ಮಜ್ಜಿ ಅತ್ತಳು. “ಪಾಪ, ಮುದುಕಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ,” ಎಂದರು ಎಲ್ಲರೂ.

ಆಂಬುಲೆನ್ಸ್ ಬಂತು. ಹತ್ತುವಾಗ ಕಾವ್ಯಶ್ರೀ ಕೇಳಿದ್ದು ಒಂದೇ ಮಾತು. “ಅಜ್ಜೀ, ನನ್ನ ಚೆಂಡು...”

“ಚೆಂಡಿನ ಚಿಂತೆ ಬಿಡು,” ಎಂದಳು ಶೈಲಕ್ಕ ಕಣ್ಣೊರೆಸಿಕೊಳ್ಳುತ್ತ. “ಬಚ್ಚಲ ಹಂಡೆಲಿ ಹಾಕಿ ಒಂದು ಕುದಿ ಕುದಿಸಿಡ್ತೆ. ಒಂದು ಹುಳವೂ ಉಳಿಯೂದಿಲ್ಲ.”

ಶಿರಸಿಯಲ್ಲಿ ಯಾವುದೋ ಹಳೆಯ ಕಟ್ಟಡದಲ್ಲಿ ಸಾಲು ಮಂಚ ಹಾಕಿದ್ದರು. ನರ್ಸ್ ಶಿಲ್ಪಾ ಬೆರಳಿಗೆ ಮಿಷಿನ್ ಹಾಕಿ ನೋಡಿ ನಕ್ಕಳು. “ಆಕ್ಸಿಜನ್ ತೊಂಬತ್ತೊಂಬತ್ತು! ನಾಡಿ ನೋಡು, ಎಷ್ಟು ಚಂದ. ಎಂತ ಆಡ್ತಿಯೇ ನೀನು?”

“ಫುಟ್‌ಬಾಲ್.”

“ನಿಂಗೆ ಏನೂ ಆಗ್ಲಿಲ್ಲ ಕಣೇ. ಇಡೀ ವಾರ್ಡಿನಲ್ಲಿ ಗಟ್ಟಿ ಎದೆ ಇರೋದು ನಿಂಗೊಬ್ಬಳಿಗೇ.”

“ಹಾಗಾದ್ರೆ ಮನೆಗೆ ಹೋಗ್ಲಾ?”

ಶಿಲ್ಪಾಳ ನಗು ನಿಂತಿತು. “ಒಳಗೆ ಬಂದವರನ್ನ ಟೆಸ್ಟ್ ರಿಪೋರ್ಟ್ ಬರದೆ ಬಿಡೋ ಹಾಗಿಲ್ಲ ಮಗಾ.”

ಕಾವ್ಯಶ್ರೀ ಎರಡು ಮಂಚಗಳ ನಡುವೆ ನಿಂತಲ್ಲೇ ಓಡಿದಳು. ಪಕ್ಕದ ಮಂಚದ ಹೆಂಗಸು ರಾತ್ರಿಯಿಡೀ ಕೆಮ್ಮಿದಳು. ಕೆಲವು ದಿನಗಳ ಮೇಲೆ ರಿಪೋರ್ಟ್ ಬಂತು: ರೋಗವಿಲ್ಲ. ಅದು ಬಂದ ಬೆಳಿಗ್ಗೆ ಕಾವ್ಯಶ್ರೀಗೆ ಜ್ವರ ಏರಿತ್ತು. ಶಿಲ್ಪಾ ಇನ್ನೊಮ್ಮೆ ಟೆಸ್ಟ್ ಮಾಡಿಸಿ, ಮುಖ ಬೇರೆ ಕಡೆ ತಿರುಗಿಸಿಕೊಂಡು ಹೇಳಿದಳು. “ಈಗ ನಿಂಗೂ ಬಂತು.”

ಅವಳು ಮನೆಗೆ ಬರುವುದಕ್ಕೂ ಲಾಕ್‌ಡೌನ್ ತೆಗೆಯುವುದಕ್ಕೂ ಸರಿಹೋಯಿತು. ಆಂಬುಲೆನ್ಸಿನಿಂದ ಜಗಲಿಗೆ ನಡೆದು ಬರುವಷ್ಟರಲ್ಲಿ ಕಂಬ ಹಿಡಿದುಕೊಂಡು ನಿಂತಳು. ಓಣಿಯವರೆಲ್ಲ ಚಪ್ಪಾಳೆ ತಟ್ಟಿದರು. ಶೈಲಕ್ಕ ಓಡಿಬಂದು ಬೆರಳಿಗೆ ಮಿಷಿನ್ ಸಿಕ್ಕಿಸಿದಳು.

“ತೊಂಬತ್ತಾರು!” ಕೆಳಗಿನ ಅಂಕೆ ಓದಿ ಅವಳು ಕುಣಿದೇಬಿಟ್ಟಳು. “ನಲವತ್ತೆಂಟು ಇದ್ದದ್ದು ತೊಂಬತ್ತಾರು! ನನ್ನ ಮಿಷಿನ್ ಇಲ್ದಿದ್ರೆ ಹುಡುಗಿ ಉಳೀತಿರ್ಲಿಲ್ಲ!”

“ಡಬಲ್ ಆತಲೇ!” ಎಂದರು ಭಟ್ಟರು.

ಶೈಲಕ್ಕ ಆಗಲೇ ಫೋಟೋ ಹೊಡೆದಾಗಿತ್ತು. “ನಿನ್ನ ಕೋಚು ಪಾಪ, ದಿನಾ ಅಜ್ಜಿ ಫೋನಿಗೆ ಕೇಳ್ತಿದ್ರು. ‘ಬಂದ ಕೂಡ್ಲೆ ಫೋಟೋ ಕಳಿಸಿ, ಕಾವ್ಯಾ ಒಬ್ಬಳಿಗೋಸ್ಕರ ಕಾಯ್ತಾ ಇದ್ದೇನೆ’ ಅಂತ. ತಗಾ, ಕಳಿಸಿದೆ!”

ಫೋನು ರಿಂಗಾಯಿತು. ಕಾವ್ಯಶ್ರೀ ಎತ್ತಿದಳು. ಉಲ್ಲಾಸ ಸರ್ ಮೆಲ್ಲಗೆ ಹೇಳಿದರು: “ಈ ನಾಡಿಲಿ ನಿನ್ನ ಕಳಿಸಿದ್ರೆ ಅಲ್ಲಿ ಓಡ್ಲಿಕ್ಕಾಗೂದಿಲ್ಲ ಮಗಾ. ರೆಸ್ಟ್ ಮಾಡು. ಮುಂದಿನ ವರ್ಷ ನೋಡುವ.”

ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

“ಏನಂದ್ರು?” ಶೈಲಕ್ಕ ಕೊಬ್ಬರಿ ಮಿಠಾಯಿಯ ತಟ್ಟೆ ಹಿಡಿದು ನಿಂತಿದ್ದಳು.

“ಖುಷಿಯಾಯ್ತು ಅಂದ್ರು ಅಕ್ಕಾ,” ಎಂದು ಕಾವ್ಯಶ್ರೀ ಒಂದು ತುಂಡು ತೆಗೆದುಕೊಂಡಳು. ನಾಲಿಗೆಗೆ ಇನ್ನೂ ರುಚಿ ಬಂದಿರಲಿಲ್ಲ.

ಹಿತ್ತಿಲ ಮೆಟ್ಟಿಲ ಮೇಲೆ ಚೆಂಡು ಇತ್ತು. ಹೊಲಿಗೆ ಬಾಯಿಬಿಟ್ಟು, ಬೆಂದ ಹಲಸಿನ ಸೊಳೆಯ ಹಾಗೆ ಮೆತ್ತಗಾಗಿತ್ತು. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತು, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ನೋಡಿದಳು. ಆ ಮನೆಯಲ್ಲಿ ಈಗ ಓಡುತ್ತಿದ್ದುದು ಅದೊಂದೇ.