ಗೊಂಬೆ ಮೆಟ್ಟಿಲಿಗಾಗಿ ಅಪ್ಪನ ಮೇಜಿಗೆ ತೂತು

ನಿವೃತ್ತ ಮೇಷ್ಟರ ಕೈಗೆ ಮಿಷನ್ ಸಿಕ್ಕರೆ ಮನೆಯಲ್ಲಿ ದಿನಕ್ಕೊಂದು ಪ್ರಸಂಗ ನಡೆಯುತ್ತದೆ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಅಷ್ಟು ವರ್ಷದಲ್ಲಿ ನಗಿಸಿದ್ದಕ್ಕಿಂತ ಹೆಚ್ಚು ಜನರನ್ನು ಈ ಒಂದೇ ವರ್ಷದಲ್ಲಿ, ಚಾಮರಾಜಪೇಟೆಯ ನಮ್ಮ ಹಿತ್ತಿಲಿನಲ್ಲಿ ನಿಂತು ನಗಿಸಿದ್ದೇನೆ.

ಎಲ್ಲಕ್ಕೂ ಕಾರಣ ದಸರಾ ಗೊಂಬೆ. ಅಮ್ಮ ಇದ್ದಾಗ ಪ್ರತಿ ನವರಾತ್ರಿಗೂ ನಡುಮನೆಯಲ್ಲಿ ಗೊಂಬೆ ಕೂರಿಸುತ್ತಿದ್ದಳು. ಮೆಟ್ಟಿಲು ಮಾತ್ರ ಇರಲಿಲ್ಲ. ಬಿಸ್ಕತ್ತಿನ ಡಬ್ಬ, ಅದರ ಹಿಂದೆ ಟ್ರಂಕು, ಎಲ್ಲಕ್ಕಿಂತ ಎತ್ತರದಲ್ಲಿ ಅಪ್ಪನ ತೇಗದ ಮೇಜು, ಎಲ್ಲದರ ಮೇಲೂ ಬಿಳಿ ಪಂಚೆ. "ಮರದ ಮೆಟ್ಟಿಲು ಯಾವಾಗ ಮಾಡಿಸ್ತೀರಿ?" ಎಂದು ಅಮ್ಮ ಕೇಳಿದರೆ ಅಪ್ಪನದು ಒಂದೇ ಉತ್ತರ: "ಮುಂದಿನ ದಸರಾಕ್ಕೆ ಖಂಡಿತ."

ಆ ದಸರಾ ಬರಲೇ ಇಲ್ಲ. ಇಬ್ಬರೂ ಹೋದರು. ಗೊಂಬೆಗಳು ನಾಲ್ಕು ವರ್ಷ ಟ್ರಂಕಿನಲ್ಲೇ ಉಳಿದವು. ಈ ವರ್ಷ ನನ್ನ ಹೆಂಡತಿ, "ಅತ್ತೆ ಗೊಂಬೆ ಮತ್ತೆ ಕೂರಿಸೋಣ ರೀ" ಎಂದಳು. ನನಗೆ ಎಲ್ಲಿಲ್ಲದ ಹುರುಪು ಬಂತು. ಅಪ್ಪ ಹೇಳಿ ಮಾಡದ್ದನ್ನು ನಾನು ನನ್ನ ಕೈಯಾರೆ ಮಾಡಬೇಕು. ಏಳು ಮೆಟ್ಟಿಲು, ಅಂಚೆಲ್ಲ ನುಣ್ಣಗೆ ಉರುಟಾಗಿ.

೧. ತೂತು

ಅಂಚು ಉರುಟು ಮಾಡಲು ರೌಟರ್ ಮಿಷನ್ ಬೇಕು. ಇಂಟರ್‌ನೆಟ್ ಕೊಡುವ ಡಬ್ಬಿಯಲ್ಲ, ಮರ ಕೊರೆಯುವುದು. ಅದನ್ನು ಮೇಜಿನ ಕೆಳಗೆ ತಲೆಕೆಳಗಾಗಿ ನೇತುಹಾಕಿ, ಬಿಟ್ ಎನ್ನುವ ತಿರುಗುವ ಅಲಗು ಮಾತ್ರ ತೂತಿನಿಂದ ಮೇಲಕ್ಕೆ ಇಣುಕುವಂತೆ ಮಾಡಬೇಕು. ಆಮೇಲೆ ಹಲಗೆಯನ್ನು ಅದಕ್ಕೆ ತಾಗಿಸಿ ತಳ್ಳುತ್ತಾ ಹೋದರಾಯಿತು. ಅಂಥ ಮೇಜು ಅಂಗಡಿಯಲ್ಲೂ ಸಿಗುತ್ತದೆ, ಆದರೆ ನನಗೆ ಸ್ವಂತವಾಗಿ ಮಾಡುವ ಹಟ. ಮನೆಯಲ್ಲಿ ಅಲುಗಾಡದೆ ನಿಲ್ಲುವ ಮೇಜು ಒಂದೇ ಇತ್ತು, ಅಪ್ಪನದು.

ಹೆಂಡತಿ ಗಾಂಧಿಬಜಾರಿಗೆ ಹೋಗಿದ್ದಾಗ ನಡುಮನೆಯಲ್ಲೇ ತೂತು ಕೊರೆದೆ. ಅದೇ ಮೇಜಿನ ಮೇಲೆ ಹೋಂವರ್ಕ್ ಮಾಡುತ್ತಾ ಕೈವಾರದ ಮೊನೆಯಿಂದ ಒಂದು ಗೀರು ಎಳೆದದ್ದಕ್ಕೆ ಅಪ್ಪ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಿದ್ದರು. ಆ ಗೀರು ಇನ್ನೂ ಇದೆ. ತೂತು ಬಿದ್ದದ್ದು ಅದರ ಪಕ್ಕದಲ್ಲೇ.

ಹೆಂಡತಿ ಬಂದವಳು ತೂತನ್ನು ನೋಡಿದಳು, ನನ್ನನ್ನು ನೋಡಿದಳು. ಗೋಡೆಯ ಮೇಲಿದ್ದ ಅಪ್ಪನ ಫೋಟೋ ಕೆಳಗಿಳಿಸಿದಳು.

"ಅದನ್ನ ಯಾಕೆ ತೆಗೀತಿದೀಯ?" ಎಂದೆ.

"ನೀವು ಮೇಜನ್ನ ಹಿತ್ತಿಲಿಗೆ ಸಾಗಿಸೋವರೆಗೂ ಮಾವ ಬೀರು ಒಳಗಿರ್ಲಿ."

೨. ಮೂಲೆಮಟ್ಟ

ಹಲಗೆ ಒರಗಿಸಿ ತಳ್ಳಲು ಮೇಜಿನ ಮೇಲೆ ಒಂದು ಮರದ ಪಟ್ಟಿ ನೆಟ್ಟಗೆ ನಿಂತಿರಬೇಕು. ನನ್ನ ಪಟ್ಟಿಗೆ ಒರಗಿಸಿ ತಳ್ಳಿದ ಹಲಗೆಯ ಅಂಚೆಲ್ಲ ಓರೆ ಬರುತ್ತಿತ್ತು. ಮೂರು ಸಲ ಬಿಚ್ಚಿ ಕೂರಿಸಿದೆ. ಪ್ರತಿ ಸಲವೂ ಲಂಬಕೋನ ಅಳೆಯುವ, ಶಾಲೆಯ ನನ್ನ ದೊಡ್ಡ ಮರದ ಮೂಲೆಮಟ್ಟ ಇಟ್ಟು ನೋಡಿದೆ. ನಾನು ಪಾಠಕ್ಕೆ ಬಳಸುತ್ತಿದ್ದ ಅದನ್ನೇ ನಿವೃತ್ತಿಯ ದಿನ ಮಕ್ಕಳು ಹೂ ಸುತ್ತಿ ಕೊಟ್ಟಿದ್ದರು. ಅದಕ್ಕೂ ಪಟ್ಟಿಗೂ ನಡುವೆ ಕೂದಲೆಳೆಯಷ್ಟೂ ಸಂದಿರಲಿಲ್ಲ.

ಕೊನೆಗೆ ಬೀದಿಯ ತುದಿಯಲ್ಲಿರುವ ಹಳೆಯ ಬಡಗಿಯನ್ನು ಕರೆದುಕೊಂಡು ಬಂದೆ. ಆತ ತನ್ನ ಕಬ್ಬಿಣದ ಮೂಲೆಮಟ್ಟವನ್ನು ಪಟ್ಟಿಗೆ ಹಿಡಿದ. ಆಮೇಲೆ ನನ್ನ ಮೂಲೆಮಟ್ಟಕ್ಕೂ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ.

"ಮೇಷ್ಟ್ರೇ, ಪಟ್ಟಿ ಸೊಟ್ಟ ಇದೆ. ಇದೂ ಅಷ್ಟೇ ಸೊಟ್ಟ ಇದೆ. ಎಷ್ಟು ವರ್ಷ ಇದನ್ನ ಇಟ್ಕೊಂಡು ಪಾಠ ಮಾಡಿದ್ರಿ?"

"ಮೂವತ್ತೊಂದು."

"ಅದಕ್ಕೇ ಈ ಏರಿಯಾದಲ್ಲಿ ಒಂದು ಬಾಗಿಲೂ ಸರಿಯಾಗಿ ಮುಚ್ಚಲ್ಲ."

೩. ಗೋಡೆ ಹಾರಿದ ಹಲಗೆ

ಇಂಥ ಮೇಜಿನಲ್ಲಿ ಹಲಗೆಯನ್ನು ಬಲದಿಂದ ಎಡಕ್ಕೆ ತಳ್ಳಬೇಕು. ಎಡದಿಂದ ಬಲಕ್ಕೆ ತಳ್ಳಿದರೆ ಬಿಟ್ ಅದನ್ನು ಕಸಿದುಕೊಂಡು ಎಸೆಯುತ್ತದೆ. ಇದು ನನಗೆ ತಿಳಿದದ್ದು ಎಸೆದ ಮೇಲೆ. ಒಂದು ಅಡಿ ಉದ್ದದ ಹಲಗೆ, ಅದೂ ಒಂದು ಅಂಚು ಮೊದಲ ಬಾರಿಗೆ ಚೆಂದವಾಗಿ ಬಂದಿದ್ದ ಹಲಗೆ, ಕಾಂಪೌಂಡ್ ಹಾರಿ ಪಕ್ಕದ ಮನೆಗೆ ಹೋಯಿತು. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ.

ಪಕ್ಕದ ಮನೆಯಲ್ಲಿರುವುದು ಅಮ್ಮನ ಗೆಳತಿ. ಎಂಬತ್ತು ದಾಟಿದ್ದಾರೆ, ನಾನು ಅವರನ್ನು ಚಿಕ್ಕಮ್ಮ ಅನ್ನುತ್ತೇನೆ. ಹೋಗಿ ಗೇಟಿನ ಹತ್ತಿರ ನಿಂತೆ. ಅರವತ್ತೆರಡರ ವಯಸ್ಸಿನಲ್ಲಿ ಆ ಗೇಟಿನ ಮುಂದೆ ಮತ್ತೆ ಹತ್ತು ವರ್ಷದವನಾಗಿದ್ದೆ.

"ಚಿಕ್ಕಮ್ಮ, ನಮ್ಮ ಹಲಗೆ ಏನಾದ್ರೂ..."

"ಬಂದಿದೆ. ಕಿಟಕಿ ಗಾಳಿಗೆ ಬಡ್ಕೋತಿತ್ತು, ಅದಕ್ಕೆ ಒತ್ತು ಕೊಟ್ಟಿದೀನಿ."

"ಅದು ಬೇಕಿತ್ತಲ್ಲ."

"ಚಿಕ್ಕೋನಾಗಿದ್ದಾಗ ನಿನ್ನ ಚೆಂಡೇ ನಾನು ವಾಪಸ್ ಕೊಟ್ಟಿಲ್ಲ. ಇದನ್ನ ಕೊಡ್ತೀನಾ?"

೪. ಪಟ್ಟದ ಗೊಂಬೆ

ಮಹಾಲಯ ಅಮಾವಾಸ್ಯೆ ಬಂತು. ಅಷ್ಟು ಹೊತ್ತಿಗೆ ಮೇಜು ಆರು ಸಲ ಸುಧಾರಿಸಿತ್ತು. ಹೊಸ ಪಟ್ಟಿ ಬಂದಿತ್ತು, ಹೊಟ್ಟು ಬೀಳಲು ಡಬ್ಬ ಬಂದಿತ್ತು. ಬಗ್ಗಿ ಬಗ್ಗಿ ಸೊಂಟ ಹಿಡಿದದ್ದರಿಂದ ಮಿಷನ್ನಿನ ಗುಂಡಿಯನ್ನು ಒತ್ತಿದಂತೆಯೇ ಬಿಟ್ಟು, ಎಕ್ಸ್‌ಟೆನ್ಷನ್ ಬಾಕ್ಸಿನ ಸ್ವಿಚ್ ಹಾಕಿದರೆ ಸಾಕು ಓಡುವಂತೆ ಮಾಡಿದ್ದೆ. ಮೆಟ್ಟಿಲು ಮಾತ್ರ ಒಂದೂ ಆಗಿರಲಿಲ್ಲ.

ಹೆಂಡತಿ ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಸುಮ್ಮನೆ ಅಟ್ಟದಿಂದ ಬಿಸ್ಕತ್ತಿನ ಡಬ್ಬ ಇಳಿಸಿ, ಟ್ರಂಕು ಎಳೆದು, "ಮೇಜು ತನ್ನಿ" ಎಂದಳು. ಬಿಟ್ ಬಿಚ್ಚಿಟ್ಟು ತಂದೆ. ಮಿಷನ್ ಮಾತ್ರ ಬಿಚ್ಚಲಿಲ್ಲ, ಮತ್ತೆ ಕೂರಿಸಲು ಇನ್ನೊಂದು ತಿಂಗಳಾಗುತ್ತಿತ್ತು. ತೂತಿನ ಮೇಲೆ ಮಣೆ ಇಟ್ಟು, ಬಿಳಿ ಪಂಚೆ ಹಾಸಿ, ಅದರ ಮೇಲೆ ಪಟ್ಟದ ಗೊಂಬೆಗಳನ್ನು, ಅಮ್ಮನ ಮರದ ರಾಜ-ರಾಣಿಯನ್ನು ಕೂರಿಸಿದಳು. ನಡುಮನೆ ಅಮ್ಮನ ಕಾಲದಲ್ಲಿದ್ದ ಹಾಗೇ ಆಯಿತು.

ಮರುದಿನ ಸಂಜೆ ಗೊಂಬೆ ಆರತಿಗೆ ಬೀದಿಯ ಹೆಂಗಸರೆಲ್ಲ ಬಂದರು. ಚಿಕ್ಕಮ್ಮನಿಗೆ ಮುಂದೆ ಕುರ್ಚಿ ಹಾಕಿದೆವು. ಹೆಂಡತಿ ದೀಪದ ಸರದ ಸ್ವಿಚ್ ಹಾಕಿದಳು. ಸರವನ್ನು ಸಿಕ್ಕಿಸಿದ್ದವನು ನಾನೇ, ಮಿಷನ್ನಿನ ಪ್ಲಗ್ ಇದ್ದ ಅದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ.

ಪಂಚೆಯ ಕೆಳಗಿನಿಂದ ಮಿಷನ್ ಗೊಯ್ಯೆಂದು ಮೊರೆಯಿತು. ಗೊಂಬೆಗಳೆಲ್ಲ ಗಡಗಡ ನಡುಗಿದವು. ನಾನು ಓಡಿ ಸ್ವಿಚ್ ಆರಿಸುವಷ್ಟರಲ್ಲಿ ರಾಜ-ರಾಣಿ ಇಬ್ಬರೂ ನಿಧಾನವಾಗಿ ತಿರುಗಿ ಬೆನ್ನಿಗೆ ಬೆನ್ನು ಹಾಕಿ ನಿಂತಿದ್ದರು.

ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, ನನ್ನ ಹೆಂಡತಿಗೆ ಹೇಳಿದರು: "ಮೆಟ್ಟಿಲಿನ ಮಾತು ಬಂದಾಗಲೆಲ್ಲ ನಿಮ್ಮತ್ತೆ-ಮಾವ ಹೀಗೇ ಇರ್ತಿದ್ರು ಕಣಮ್ಮ."

ಮನೆಯೆಲ್ಲ ನಗು. ಹೆಂಡತಿಯೂ ಕಣ್ಣೊರೆಸಿಕೊಂಡು ನಕ್ಕು ನನ್ನ ಕಡೆ ತಿರುಗಿದಳು. ಏನಾದರೂ ಹೇಳಲೇಬೇಕಿತ್ತು. ಬಾಯಿಂದ ತಾನಾಗಿ ಬಂತು: "ಮುಂದಿನ ದಸರಾಕ್ಕೆ ಖಂಡಿತ."

ಅವಳು ಹೋಗಿ ರಾಣಿಯನ್ನು ಎಲ್ಲರ ಕಡೆಗೆ ತಿರುಗಿಸಿದಳು. ರಾಜ ಮಾತ್ರ ಒಂಬತ್ತು ದಿನವೂ ಗೋಡೆ ನೋಡುತ್ತಾ ನಿಂತಿದ್ದ.